ಪಾದದ ಮೊಳ

ಗುಡಿಬೀದಿಯ ಹೂವಿನಂಗಡಿಯ ಮುದುಕಿ ಬದುಕಿದ್ದಷ್ಟು ದಿನ ಯಾರಿಗೂ ಒಂದು ಎಸಳು ಹೆಚ್ಚಿಗೆ ಕೊಟ್ಟವಳಲ್ಲ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಹೂವಿನ ಸರವನ್ನು ಬಿಗಿಯಾಗಿ ಎಳೆದು ಮೊಳ ಹಾಕಿ, ಅಲ್ಲಿಗೆ ಕಚಕ್ಕನೆ ಕತ್ತರಿಸಿಬಿಡುವಳು. ಕೊಸರು ಕೇಳಿದವರಿಗೆ, "ಕೊಸರು ಬೇಕಾದ್ರೆ ಸೊಪ್ಪಿನವಳ ಹತ್ರ ಹೋಗಿ, ಇಲ್ಲಿಗ್ಯಾಕೆ ಬಂದ್ರಿ?" ಎಂದು ಮುಖಕ್ಕೆ ಹೊಡೆದಂತೆ ಹೇಳುವಳು. ಆದರೂ ಜನ ಅವಳಲ್ಲಿಗೇ ಬರುತ್ತಿದ್ದರು. ಮುದುಕಿಯ ತೋಳು ಉದ್ದ, ಹಾಗಾಗಿ ಅವಳ ಮೊಳ ಬೀದಿಗೆಲ್ಲ ದೊಡ್ಡದು. "ದೇವರು ತೋಳು ಕೊಟ್ಟ ಅಳತೇಲೇ ನಾಲಗೇನೂ ಕೊಟ್ಟಿದ್ದಾನೆ" ಎಂದು ಎದುರು ಸಾಲಿನ ಬಳೆಯಂಗಡಿಯವಳು ಹೇಳುತ್ತಿದ್ದಳು. ಮುದುಕಿ ಒಳಗೆ ಹೋಗಿದ್ದಾಳೆಂದು ಖಾತ್ರಿಯಾದ ಮೇಲೆ ಮಾತ್ರ.

ಮುದುಕಿ ತೀರಿಕೊಂಡು ಒಂದೂಕಾಲು ವರ್ಷವಾಗಿತ್ತು. ಅವಳ ಮಣೆಯ ಮೇಲೆ ಈಗ ಸೊಸೆ ಕೂರುತ್ತಿದ್ದಳು. ಸೊಸೆಗೆ ಬೀದಿಯವರು ಇಟ್ಟ ಹೆಸರು ಎಡಚಿ. ಉಣ್ಣುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವೂ ಅವಳಿಗೆ ಎಡಗೈಯಲ್ಲೇ ಆಗಬೇಕು. ಮದುವೆಯಾಗಿ ಬಂದ ಮೂರನೇ ದಿನ ಬುಟ್ಟಿಯ ಮುಂದೆ ಕೂತು ಎಡಗೈಯಲ್ಲಿ ಬಾಳೆನಾರು ಹಿಡಿದದ್ದನ್ನು ಕಂಡು ಅತ್ತೆ ಹಣೆ ಹಣೆ ಚಚ್ಚಿಕೊಂಡಿದ್ದಳು.

"ಹೂ ಕಟ್ಟೋ ಮನೆಗೆ ಎಡಗೈಯವಳನ್ನ ತಂದ್ಯಲ್ಲೋ" ಎಂದು ಮಗನನ್ನು ತರಾಟೆಗೆ ತೆಗೆದುಕೊಂಡಳು. ಹೆಣ್ಣು ನೋಡಲು ಹೋದದ್ದು ತಾಯಿಯೇ, ಒಪ್ಪಿದ್ದೂ ಅವಳೇ. ಆ ದಿನ ಹುಡುಗಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಿದ್ದಳು, ಯಾರಿಗೆ ಗೊತ್ತಾಗಬೇಕು?

ಅತ್ತೆ ತಿಂಗಳುಗಟ್ಟಲೆ ತಿದ್ದಲು ನೋಡಿದಳು. ಒಂದು ದಿನವಂತೂ ಸೊಸೆಯ ಎಡಗೈಯನ್ನು ಅದೇ ಬಾಳೆನಾರಿನಿಂದ ಮಣೆಗೆ ಕಟ್ಟಿ ಕೂರಿಸಿದಳು. ಎಡಚಿ ಬಲಗೈಯೊಂದರಲ್ಲೇ, ಹಲ್ಲಿನ ನೆರವು ಪಡೆದು, ಸಂಜೆಯೊಳಗೆ ಗೇಣುದ್ದ ಕಟ್ಟಿದಳು. ಅದನ್ನು ಎತ್ತಿದ್ದೇ ತಡ, ಹೂವೆಲ್ಲ ಪೊಳಪೊಳನೆ ನೆಲಕ್ಕೆ ಉದುರಿತು. ಅತ್ತೆ ಕಟ್ಟು ಬಿಚ್ಚಿ, "ಹಾಳಾಗಿ ಹೋಗ್ಲಿ, ನಿನ್ನ ದಾರಿ ನಿಂಗೆ" ಎಂದಳು. ಆದರೆ ಒಂದು ಕಟ್ಟಳೆ ಹಾಕಿದಳು. ಸೊಸೆ ಕಟ್ಟಿದ್ದು ಮಾರಾಟಕ್ಕೆ, ಮುಡಿಯುವವರಿಗೆ. ಗುಡಿಗೆ ಹೋಗುವ ಹೂವನ್ನು ಅವಳು ಮುಟ್ಟಕೂಡದು. ಎಡಗೈ ಹೂವು ದೇವರಿಗೆ ಸಲ್ಲದು.

ಎಡಗೈಯಲ್ಲಿ ಸುತ್ತಿದ ಗಂಟು ಎದುರು ದಿಕ್ಕಿಗೆ ಓರೆಯಾಗಿ ಕೂರುತ್ತದೆ. ಕೊಳ್ಳುವವರ ಕಣ್ಣಿಗೆ ಅದು ಬೀಳುವುದಿಲ್ಲ. ಅತ್ತೆಗೆ ಮಾತ್ರ ಕಣ್ಣು ಮುಚ್ಚಿ ಬೆರಳಾಡಿಸಿದರೂ ತಿಳಿಯುತ್ತಿತ್ತು. "ಇದು ನಿಂದು" ಎಂದು ಸರ ಎತ್ತಿ ಪಕ್ಕಕ್ಕಿಡುವಳು. ಚೆನ್ನಾಗಿದೆ ಎಂದಾಗಲಿ, ಚೆನ್ನಾಗಿಲ್ಲ ಎಂದಾಗಲಿ ಹೇಳಿದ ನೆನಪು ಎಡಚಿಗಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಬುಟ್ಟಿಯ ಆಚೆ ಈಚೆ ಕೂತು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಸಾವಿರಾರು ಮೊಳ ಕಟ್ಟಿದವರು ಅವರಿಬ್ಬರು.

ವರ್ಷದ ಉತ್ಸವ ಬಂತೆಂದರೆ ಆ ಪುಟ್ಟ ಮನೆಗೆ ಬೇರೆಯೇ ಕಳೆ ಬರುತ್ತಿತ್ತು. ಎಡಚಿಗೆ ಈಗಲೂ ಮೂಗಿನ ತುದಿಯಲ್ಲಿದೆ ಆ ವಾಸನೆ, ಒದ್ದೆ ಗೋಣಿ, ಮರುಗ, ಅರಳುವುದಕ್ಕೆ ಇನ್ನೂ ಸಮಯವಿರುವ ಮೊಗ್ಗು, ಎಲ್ಲ ಕಲೆತದ್ದು. ಬೆಳಕು ಹರಿಯುವಷ್ಟರಲ್ಲಿ ಗಂಡ ಹೂವಿನ ಮಂಡಿಯಿಂದ ಮೂಟೆ ತಂದು ಇಳಿಸುವನು. ಬೀದಿಯ ಕೊನೆಯಲ್ಲಿ ಮೈಕಿನವನು ತನ್ನ ಕೆಮ್ಮನ್ನೇ ಊರಿಗೆಲ್ಲ ಕೇಳಿಸಿ, ಹಲೋ ಹಲೋ ಎನ್ನುವನು. ಅತ್ತೆ ತಲೆಗೆ ನೀರು ಹಾಕಿಕೊಂಡು, ಮುಂಭಾಗದ ಕೋಣೆಯಲ್ಲಿ ಗೋಡೆಗೊರಗದೆ ಕೂತು, ಕಾಲಿನ ಹೆಬ್ಬೆರಳಿಗೆ ನಾರಿನ ತುದಿ ಸಿಕ್ಕಿಸಿಕೊಂಡು ಪಲ್ಲಕ್ಕಿಯ ದೇವರ ಮಾಲೆಗೆ ಶುರು ಹಚ್ಚಿಕೊಳ್ಳುವಳು. ಆ ಮಾಲೆ ಮೊದಲಿಂದ ಕೊನೆಯವರೆಗೆ ಒಂದೇ ಕೈಯದಾಗಿರಬೇಕು ಎಂಬುದು ಆ ಮನೆಯ ವಾಡಿಕೆ. ಮುಗಿದ ಮೇಲೆ ಮೊಳ ಹಾಕುತ್ತ ಅಂಗಡಿಗೆ ಕೇಳುವಂತೆ ಎಣಿಸುವಳು. ಆರು ಎಂದಳೆಂದರೆ ಮುಗಿಯಿತು. ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ಗುಡಿಗೆ ಹೊರಡುವಳು. ಆ ದಿನ ವ್ಯಾಪಾರ ಜೋರು, ಎಡಚಿಗೆ ಮಣೆ ಬಿಟ್ಟು ಏಳಲು ಪುರುಸೊತ್ತಿಲ್ಲ. ಸಂಜೆ ಪಲ್ಲಕ್ಕಿ ಅಂಗಡಿಯ ಮುಂದೆ ಹಾದುಹೋಗುವ ಹೊತ್ತಿಗೆ ಭಕ್ತರು ಎಸೆದ ಹೂವಿನಲ್ಲಿ ದೇವರು ಎದೆಮಟ್ಟ ಮುಳುಗಿರುತ್ತಿದ್ದ. ಅತ್ತೆಯ ಮಾಲೆಯ ಒಂದು ಅಂಚು ಕಂಡರೆ ಅದೇ ಪುಣ್ಯ.

ಹೋದ ವರ್ಷದ ಉತ್ಸವಕ್ಕೆ ಮೂರು ತಿಂಗಳಿದ್ದಾಗ ಅತ್ತೆ ಹೋದಳು. ಮನೆಯಲ್ಲಿ ಸಾವಾದ ವರ್ಷವೆಂದು ಗುಡಿಯವರು ಮಾಲೆಯನ್ನು ಪೇಟೆಯ ದೊಡ್ಡ ಅಂಗಡಿಯಿಂದ ತರಿಸಿದರು. ಜರಿದಾರ, ಮಿಂಚುವ ಕುಚ್ಚು, ಎಲ್ಲ ಇತ್ತು ಅದಕ್ಕೆ. ಉತ್ಸವ ಸಮಿತಿಯ ಅಧ್ಯಕ್ಷರಿಗೆ ಅದು ಬಹಳ ಹಿಡಿಸಿತು. ಈ ಸಲವೂ ಅಲ್ಲಿಂದಲೇ ಆಗಲಿ ಎಂದು ಅವರು ಮಾತೆತ್ತಿದಾಗ, ಮುದಿ ಅರ್ಚಕರು ಅಡ್ಡ ಬಂದು, "ಆ ಮನೇಲಿ ಕಟ್ಟೋರು ಇರೋವಾಗ ಹೊರಗಿಂದ ಯಾಕೆ?" ಎಂದರಂತೆ. ಅಧ್ಯಕ್ಷರು ಒಪ್ಪಿದರು. ಆದರೆ ಎಡಚಿಯ ಗಂಡನನ್ನು ಕರೆದು ಹೇಳಿಯೂ ಹೇಳಿದರು, "ನೋಡಪ್ಪ, ಈ ವರ್ಷ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮುಂದಿನ ವರ್ಷದಿಂದ ಪೇಟೆ ಮಾಲೇನೇ. ಆಮೇಲೆ ಬೇಜಾರು ಮಾಡ್ಕೋಬಾರ್ದು."

ನಾಲ್ಕು ತಲೆಮಾರಿನಿಂದ ನಡೆದುಬಂದ ಸೇವೆ ತನ್ನ ಕೈಯಲ್ಲಿ, ಅದೂ ಎಡಗೈಯಲ್ಲಿ, ನಿಂತುಹೋಗುತ್ತದೋ ಏನೋ ಎಂಬ ಹೆದರಿಕೆ ಎಡಚಿಗೆ ಹತ್ತಿಕೊಂಡಿತು.

"ನೀವೇ ಕಟ್ರಿ" ಎಂದಳು ಗಂಡನಿಗೆ. "ನಿಮ್ದು ಬಲಗೈ."

"ನಾನು ಕಟ್ಟಿದ್ರೆ ದೇವ್ರು ಪಲ್ಲಕ್ಕಿ ಇಳಿದು ಓಡ್ಹೋಗ್ತಾನೆ" ಎಂದ ಗಂಡ. ಅದು ನಿಜವೇ ಆಗಿತ್ತು. ಮೂಟೆ ಹೊರುವುದರಲ್ಲಿ ಎತ್ತಿದ ಕೈ, ಆದರೆ ಹೂವು ಅವನ ಬೆರಳಲ್ಲಿ ನಲುಗಿ ಮುದ್ದೆಯಾಗುತ್ತಿತ್ತು.

ಉತ್ಸವದ ದಿನ ಎಡಚಿ ಮಿಂದು ಅದೇ ಕೋಣೆಯಲ್ಲಿ ಕೂತಳು. ಮೊದಲ ಅರ್ಧ ಮೊಳವನ್ನು ಬಲಗೈಯಲ್ಲಿ ಕಟ್ಟಲು ನೋಡಿ, ಬೆರಳು ಮಾತು ಕೇಳದೆ, ಬಿಚ್ಚಿ ಹಾಕಿದಳು. "ನನ್ನ ಹೊಟ್ಟೆಗೆ ಹಾಕು ಅಂತ ಕೇಳ್ತಿಲ್ಲ ಸ್ವಾಮಿ, ತಪ್ಪಾದ್ರೆ ನಿನ್ನ ಹೊಟ್ಟೆಗೆ ಹಾಕ್ಕೋ" ಎಂದು ಗೋಡೆಯ ಪಟಕ್ಕೆ ಹೇಳಿ, ನಾರನ್ನು ಎಡಗೈಗೆ ದಾಟಿಸಿದಳು. ಆಮೇಲೆ ತಲೆ ಎತ್ತಲಿಲ್ಲ. ಎರಡು ಮೊಗ್ಗು ಈಚೆ, ಎರಡು ಆಚೆ, ನಡುವೆ ಮರುಗದ ಕುಡಿ, ಸುತ್ತು, ಎಳೆ. ಅತ್ತೆಯ ತೋಳು ತನ್ನದಕ್ಕಿಂತ ನಾಲ್ಕು ಬೆರಳು ಉದ್ದವೆಂದು ಅವಳಿಗೆ ಗೊತ್ತಿತ್ತು. ಮೊಳ ಹಾಕುವಾಗ ಪ್ರತಿ ಮೊಳಕ್ಕೂ ನಾಲ್ಕು ಬೆರಳು ಸೇರಿಸಿ ಆರು ಎಣಿಸಿದಳು. ನಂಬಿಕೆ ಸಾಲದೆ ಇನ್ನೊಮ್ಮೆ ಎಣಿಸಿದಳು. ಆರೇ.

ಅಂಗಡಿಯ ಮಣೆಗೆ ಬಳೆಯಂಗಡಿಯವಳನ್ನು ಕೂರಿಸಿ ಗಂಡ ಹೆಂಡತಿ ಗುಡಿಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ನಾಲ್ಕಕ್ಕೆ ಪಲ್ಲಕ್ಕಿ ಏಳಬೇಕು. ಹೊರಮಂಟಪದಲ್ಲಿ ದೇವರಿಗೆ ರೇಷ್ಮೆ ಉಡಿಸಿ ಮುಗಿಸಿದ್ದ ಅರ್ಚಕರು ಮಾಲೆ ತೆಗೆದುಕೊಂಡು, ಎರಡು ಕೈಯಲ್ಲಿ ತೂಗಿ ನೋಡಿ, ಭುಜದ ಮೇಲಿಂದ ಇಳಿಬಿಟ್ಟರು. ಎರಡು ತುದಿಗಳೂ ಮೊಣಕಾಲಿನ ಸ್ವಲ್ಪ ಕೆಳಗೆ ಬಂದು ನಿಂತವು. ಅವುಗಳ ಕೆಳಗೆ ಪಾದ ಬರಿದಾಗಿತ್ತು.

ಎಡಚಿ ತನ್ನ ತೋಳನ್ನೇ ನೋಡಿಕೊಂಡಳು. ಅಳತೆ ತಪ್ಪಿತು. ಎರಡೆರಡು ಸಲ ಎಣಿಸಿದವಳು ಎಲ್ಲಿ ತಪ್ಪಿದೆ? ನಾಲ್ಕು ಬೆರಳಲ್ಲ, ಇನ್ನೂ ಹೆಚ್ಚಿತ್ತೇ ಅತ್ತೆಯ ತೋಳು?

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. "ಪೇಟೆಯವರು ಮುಂಚೇನೇ ಬಂದು ಅಳತೆ ತಗೊಂಡು ಹೋಗಿದ್ರು. ಹಿಮ್ಮಡಿ ತನಕ ಬಂದಿತ್ತು" ಎಂದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅರ್ಚಕರಿಗೆ ಈ ಯಾವ ಗಡಿಬಿಡಿಯೂ ಇದ್ದಂತಿರಲಿಲ್ಲ. ಅವರು ಒದ್ದೆ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಬಿಡಿಸಿ ಏನನ್ನೋ ಹುಡುಕಿದರು.

"ಪಾದದ ತುಂಡೆಲ್ಲಮ್ಮ?"

"ಯಾವ ತುಂಡು ಸ್ವಾಮಿ?"

"ಅದೇ, ಈ ಎರಡು ತುದೀನ ಸೇರ್ಸಿ ಪಾದದ ಮೇಲೆ ಬರೋದು. ಒಂದು ಮೊಳದ್ದು. ನಿನ್ನದು."

"ನಂದಲ್ಲ ಸ್ವಾಮಿ. ಉತ್ಸವದ ಮಾಲೇನ ನಾನು ಮುಟ್ಟಿದ್ದೇ ಇಲ್ಲ. ಇದೇ ಮೊದಲು."

ಅರ್ಚಕರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ಅಯ್ಯೋ, ಹೇಳೇ ಇಲ್ವಾ ಕೊನೇವರೆಗೂ? ನಿಂಗೆ ಗೊತ್ತು ಅಂದ್ಕೊಂಡಿದ್ದೆ ನಾನು. ಉತ್ಸವ ಮುಗಿದ ಮೇಲೆ ಮಾಲೆ ಬಿಚ್ಚಿ ಪ್ರಸಾದಕ್ಕೆ ಬಿಡಿಸೋನು ನಾನಲ್ವಾ? ಆರು ಮೊಳ ಒಂದು ಕಡೆಗೆ ಎಳೆದ್ರೆ ಸಲೀಸಾಗಿ ಬಿಚ್ತಿತ್ತು. ಕೊನೇ ತುಂಡು ಮಾತ್ರ ಬಗ್ತಿರ್ಲಿಲ್ಲ, ತಿರುಗಿಸಿ ಹಿಡೀಬೇಕು. ಎರಡು ವರ್ಷ ನೋಡಿ ಮೂರನೇ ವರ್ಷ ಕೇಳ್ದೆ, ಇದ್ಯಾರ ಕೈ ಅಂತ. ನಿಮ್ಮತ್ತೆ ಏನಂದ್ರು ಗೊತ್ತಾ? ನಮ್ಮ ಸೊಸೇದು ಸ್ವಾಮಿ, ಅವಳ ಗಂಟು ನನ್ನ ಗಂಟಿಗಿಂತ ಗಟ್ಟಿ, ಪಾದದ ಹತ್ರ ಜನ ಕೈ ಹಾಕಿ ಎಳೀತಾರೆ, ಅಲ್ಲಿಗೆ ಅದೇ ಸರಿ ಅಂದ್ರು."

"ಅತ್ತೆ ಹಾಗಂದ್ರಾ?"

"ಇನ್ನೂ ಅಂದ್ರು. ಅವಳಿಗೆ ಮಾತ್ರ ಹೇಳ್ಬೇಡಿ, ತಲೆ ಮೇಲೆ ಕೂತ್ಕೋತಾಳೆ ಅಂದ್ರು. ಅವರಿದ್ದಷ್ಟು ದಿನ ನಾನೂ ಹೇಳ್ಲಿಲ್ಲ."

ಆಗ ಎಡಚಿಗೆ ನೆನಪಾಯಿತು. ಪ್ರತಿ ಉತ್ಸವದ ದಿನ ಗುಡಿಗೆ ಹೊರಟ ಅತ್ತೆ ಅಂಗಡಿಯ ಮುಂದೆ ನಿಂತು, ಸೊಸೆಯ ಬುಟ್ಟಿಯಿಂದ ಸರವೊಂದನ್ನು ಎತ್ತಿ, ಅವಸರದಲ್ಲಿ ಒಂದು ಮೊಳ ಕತ್ತರಿಸಿಕೊಂಡು ಹೋಗುತ್ತಿದ್ದಳು. ಯಾರೋ ಕೇಳಿದ್ದಾರೆ ಎನ್ನುತ್ತಿದ್ದಳು. ಯಾರೆಂದು ಸೊಸೆ ಕೇಳಿರಲಿಲ್ಲ. ಅತ್ತೆಯ ಲೆಕ್ಕಕ್ಕೆಲ್ಲ ಎದುರು ಪ್ರಶ್ನೆ ಹಾಕುವ ಧೈರ್ಯ ಯಾರಿಗಿತ್ತು?

"ಮತ್ತೆ ಒಂದೇ ಕೈಯದಾಗಿರ್ಬೇಕು ಅಂತಾರಲ್ಲ?" ಎಂದರು ಅಧ್ಯಕ್ಷರು. ವಾಡಿಕೆಯ ವಿಷಯ ಬಂದರೆ ಅವರ ಕಿವಿ ಚುರುಕು.

"ಈ ವರ್ಷ ಒಂದೇ ಕೈಯದೇ ಆಯ್ತಲ್ಲ" ಎಂದು ಅರ್ಚಕರು ನಕ್ಕರು. "ಇಪ್ಪತ್ತೊಂದು ವರ್ಷ ಆದ್ಮೇಲೆ ಈಗ ಸರಿಹೋಯ್ತು ನೋಡಿ. ಕೂತ್ಕೋಮ್ಮ, ಇನ್ನೂ ಹೊತ್ತಿದೆ. ಪಾದದ್ದು ಕಟ್ಟಿಕೊಡು."

ಗಂಡ ಅಂಗಡಿಗೆ ಓಡಿ, ಮೊಗ್ಗು, ಮರುಗ, ನಾರು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ತಂದ. ಎಡಚಿ ಮಂಟಪದ ಕಂಬದ ಬುಡದಲ್ಲಿ ಕೂತು ಸೆರಗು ಸಿಕ್ಕಿಸಿಕೊಂಡು, ಕಾಲಿನ ಹೆಬ್ಬೆರಳಿಗೆ ನಾರು ಹಾಕಿದಳು. ಸುತ್ತ ಜನ ನೆರೆದಿದ್ದರು. ಬಲಗೈಯಲ್ಲಿ ಕಟ್ಟುವ ಯೋಚನೆಯೇ ಈ ಸಲ ಬರಲಿಲ್ಲ. ಎಡಗೈ ಅಷ್ಟು ಜನರ ಎದುರಿಗೆ ತನ್ನ ಪಾಡಿಗೆ ತಾನು ಓಡಿತು.

ಕೈ ಓಡುತ್ತಿದ್ದರೆ ಒಳಗೆ ಸಿಟ್ಟು ಕುದಿಯುತ್ತಿತ್ತು. ಗಟ್ಟಿ ಅಂತೆ. ತನ್ನ ಗಂಟಿಗಿಂತ ಗಟ್ಟಿ ಅಂತೆ. ಅರ್ಚಕರಿಗೆ ಹೇಳಿದ ಮಾತನ್ನು ಮೊಣಕಾಲು ತಾಗುವಷ್ಟು ಹತ್ತಿರ ಕೂತವಳಿಗೆ ಹೇಳಿದ್ದರೆ ಗಂಟೇನು ಹೋಗುತ್ತಿತ್ತು ಈ ಮುದುಕಿಯದು? ತಲೆಯ ಮೇಲೆ ಕೂರುತ್ತಿದ್ದೆನಂತೆ! ಕೂತಿದ್ದರೆ ಒಂದು ದಿನ ಕೂರುತ್ತಿದ್ದೆ, ಮಾರನೆಯ ದಿನ ಇಳಿಯುತ್ತಿದ್ದೆ. ಎಷ್ಟು ಮಧ್ಯಾಹ್ನ ಸುಮ್ಮನೆ ಕಳೆದೆವು, ಮಾತಿಲ್ಲದೆ ಕತೆಯಿಲ್ಲದೆ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಗಂಜಿ ಕುಡಿಸುವಾಗಲಾದರೂ ಬಾಯಿ ಬಿಡಬಾರದಿತ್ತೇ?

ಮೊಳ ಮುಗಿಯಿತು. ಅವಳು ನಾಲ್ಕು ಬೆರಳು ಸೇರಿಸಿ ಅಳೆದು, ಮೇಲೆ ಇನ್ನೆರಡು ಸುತ್ತು ಹೆಚ್ಚಿಗೆ ಕಟ್ಟಿ ಕತ್ತರಿಸಿದಳು. ಅರ್ಚಕರು ಎರಡು ತುದಿಗಳಿಗೂ ಅದನ್ನು ಬೆಸೆದು ಪಾದದ ಮೇಲೆ ಇಳಿಬಿಟ್ಟು, ಒಮ್ಮೆ ಎಳೆದು ನೋಡಿದರು. ಜಗ್ಗಲಿಲ್ಲ. ಅಧ್ಯಕ್ಷರು ಪಲ್ಲಕ್ಕಿ ಹೊರುವವರನ್ನು ಕೂಗಿ ಕರೆದರು.

ದೇವರನ್ನು ಎತ್ತಿದರು. ವಾದ್ಯದವರು ಶುರುಮಾಡಿದರು, ಜನ ಒಟ್ಟಿಗೆ ಬಾಗಿಲ ಕಡೆ ನುಗ್ಗಿದರು. ಎಡಚಿ ಕಂಬದ ಹತ್ತಿರವೇ ನಿಂತಿದ್ದಳು.

"ಬಾ, ಅಂಗಡಿ ಮುಂದೆ ಬರೋ ಹೊತ್ತಿಗೆ ಹೋಗೋಣ" ಎಂದ ಗಂಡ. ಅವಳು ಅಳುತ್ತಿದ್ದುದನ್ನು ಕಂಡು ಗಾಬರಿಯಾದ. "ಯಾಕೆ, ಎಲ್ಲ ಸರಿಹೋಯ್ತಲ್ಲ?"

"ನಿಮ್ಮಮ್ಮನ ಹತ್ರ ಜಗಳ ಆಡ್ಬೇಕು ಕಣ್ರಿ" ಎಂದಳು. "ಈಗ್ಲೇ ಮನೆಗೆ ಹೋಗಿ, ಬೀದಿಗೆಲ್ಲ ಕೇಳೋ ಹಾಗೆ."

ಗಂಡ ಉಳಿದ ಮೊಗ್ಗು, ನಾರು ಬಾಚಿಕೊಂಡು ಬಂದು ಅವಳ ಪಕ್ಕದಲ್ಲಿ ನಿಂತುಕೊಂಡ.