ಲೀಡರ್ ಅಕ್ಕ ಕೊಟ್ಟ ಕಥೆ

ಬೆಲ್ ಒತ್ತಿದ ಮೇಲೆ ಬಾಗಿಲು ತೆರೆಯದಿರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಮಾರಲು ಹೊರಟವಳು ಮನೆಯಲ್ಲಿ ಯಾರೂ ಇರದಿರಲಿ ಎಂದು ಹಾರೈಸುವುದು ಎಲ್ಲಾದರೂ ಉಂಟೇ? ಆದರೂ ಪ್ರತಿ ಬಾಗಿಲಿನ ಮುಂದೆಯೂ ಅದೇ ಪಾಡು. ಬೆರಳು ಬೆಲ್ಲಿನ ಮೇಲೆ, ಕಿವಿ ಒಳಗಿನ ಸದ್ದಿನ ಮೇಲೆ, ಕಾಲು ಮಾತ್ರ ಆಗಲೇ ಮೆಟ್ಟಿಲಿನ ಕಡೆ ತಿರುಗಿರುತ್ತಿತ್ತು. ಒಳಗೆ ಚಪ್ಪಲಿ ಸರಪರ ಎಂದಿತೋ, ಅವಳ ಬಾಯಿಯ ಪಸೆ ಆರಿಹೋಗುತ್ತಿತ್ತು. ಯಾರೂ ಬರಲಿಲ್ಲವೋ, ಗೆದ್ದವಳ ಹಾಗೆ ದಡದಡ ಇಳಿದು, ಬೀದಿಗೆ ಕಾಲಿಟ್ಟ ಕೂಡಲೇ ಸೋತವಳಾಗುತ್ತಿದ್ದಳು.

ಡಿಗ್ರಿ ಮುಗಿದಿತ್ತು, ಅಂಕಗಳೂ ಚೆನ್ನಾಗಿಯೇ ಬಂದಿದ್ದವು. ಆದರೆ ಇಂಟರ್‌ವ್ಯೂ ಕೋಣೆಯಲ್ಲಿ ಕುರ್ಚಿ ಎಳೆದು ಕುಳಿತರೆ ಸಾಕು, ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ ಎಂದವರ ಮುಂದೆ ಮೇಜಿನ ಅಂಚನ್ನೇ ನೋಡುತ್ತ ಕೂತುಬಿಡುತ್ತಿದ್ದಳು. ಅವಳ ಅಮ್ಮ ಮನೆಯಲ್ಲೇ ಹೊಲಿಗೆ ಮಾಡುವವಳು. ಪ್ಯಾಂಟಿನ ಕಾಲು ಮಡಿಸುವುದು, ಕಿತ್ತ ಜಿಪ್ ಬದಲಿಸುವುದು, ದಪ್ಪಗಾದವರ ಅಂಗಿ ಬಿಡಿಸಿ ಸಣ್ಣಗಾದವರ ಅಂಗಿ ಹಿಡಿಯುವುದು, ಇವೇ ಅವಳ ಕೆಲಸ. "ನಿನ್ನ ಬಾಯಿಗೂ ಒಂದು ಜಿಪ್ ಇಟ್ಟು ಹೆತ್ತಿದೀನಿ ಅನ್ಸುತ್ತೆ ಕಣೇ. ಅದೂ ಕಚ್ಕೊಂಡು ಕೂತಿರೋ ಜಿಪ್ಪು," ಎಂದು ಸೂಜಿಗೆ ದಾರ ಪೋಣಿಸುತ್ತ ನಗುತ್ತಿದ್ದಳು. ಮಗಳೂ ನಗುತ್ತಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಿದ್ದಳು.

ಲೀಡರ್ ಅಕ್ಕ ಮನೆಗೆ ಬಂದದ್ದೂ ಹೊಲಿಗೆಯ ನೆಪದಿಂದಲೇ, ಕೋಟಿನ ತೋಳು ಗಿಡ್ಡ ಮಾಡಿಸಲು. ಎತ್ತರದ ಹೆಂಗಸು, ಎದುರಿನವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಾಡುವವಳು. ಶಕ್ತಿ ಕೊಡುವ ಪುಡಿ ಮಾರುವ ಒಂದು ಕಂಪನಿಯಲ್ಲಿ ಅವಳ ಕೆಳಗೆ ಬೇಕಾದಷ್ಟು ಹೆಂಗಸರಿದ್ದರು. ಅವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಲೀಡರ್ ಅಕ್ಕ ಎಂದು. "ಇಂಟರ್‌ವ್ಯೂ ಇಲ್ಲ, ಬಾಸ್ ಇಲ್ಲ. ಮನೇಲೇ ಕೂತು ಮಾಡೋ ಬಿಸಿನೆಸ್ ತಂಗೀ," ಎಂದಳು. ಮನೆ ಎಂದರೆ ಊರವರ ಮನೆಬಾಗಿಲು ಎಂದು ಆಗ ಹೇಳಲಿಲ್ಲ. ಪುಡಿಯ ಡಬ್ಬಿಗಳು ಬಂದವು. ಮಂಚದ ಕೆಳಗಿದ್ದ ಅಮ್ಮನ ಬಟ್ಟೆಯ ಗಂಟುಗಳು ಬೀರುವಿನ ಮೇಲೆ ಹತ್ತಿದವು.

ಬೆಳಗಾದರೆ ಫೋನಿನಲ್ಲಿ ಅಕ್ಕನ ದನಿ. ಇವತ್ತು ನಿನ್ನ ದಿನ, ಕನ್ನಡಿ ಮುಂದೆ ನಿಂತು ಜೋರಾಗಿ ಹೇಳು, ನಾನು ಹೆದರಲ್ಲ. ಅವಳು ಕನ್ನಡಿಯ ಮುಂದೆ ನಿಂತು, ಅಮ್ಮನಿಗೆ ಕೇಳದಷ್ಟು ಮೆಲ್ಲಗೆ, ತುಟಿಯನ್ನಷ್ಟೇ ಅಲ್ಲಾಡಿಸಿ ಹೇಳುತ್ತಿದ್ದಳು. ಕನ್ನಡಿಯಲ್ಲಿದ್ದವಳು ನಂಬಿದಂತೆ ಕಾಣುತ್ತಿರಲಿಲ್ಲ.

ಒಂದೇ ಒಂದು ಡಬ್ಬಿಯೂ ಹೋಗದೆ ದಿನಗಳು ಉರುಳಿದ ಮೇಲೆ ಅಕ್ಕ ಅವಳನ್ನು ಕೂರಿಸಿಕೊಂಡು ಕೇಳಿದಳು. "ನಿನ್ನ ಕಥೆ ಏನು?"

"ಕಥೆ ಅಂದ್ರೆ?"

"ಪುಡಿ ಯಾರೂ ತಗೊಳಲ್ಲ ತಂಗೀ, ಕಥೆ ತಗೋತಾರೆ. ಕುಡಿಯೋ ಮುಂಚೆ ಹೇಗಿದ್ದೆ, ಕುಡಿದ ಮೇಲೆ ಹೇಗಾದೆ. ಪ್ರತಿಯೊಬ್ಬರಿಗೂ ಒಂದು ಇರಬೇಕು."

"ನನಗೇನೂ ಆಗಿಲ್ವಲ್ಲ ಅಕ್ಕ. ಕುಡಿದೆ. ಹೊಟ್ಟೆ ತುಂಬಿದ ಹಾಗಾಯ್ತು, ಅಷ್ಟೇ."

ಅಕ್ಕ ಹಣೆ ಚಚ್ಚಿಕೊಂಡಳು. "ನಿನ್ನದು ಬರೋವರೆಗೂ ನನ್ನದು ಇಟ್ಕೋ. ನಮ್ಮ ಅತ್ತೆದು. ವರ್ಷಗಟ್ಟಲೆ ಬಿಪಿ ಮಾತ್ರೆ ನುಂಗ್ತಿದ್ರು. ಇದನ್ನ ಕುಡಿದು ಮಾತ್ರೆ ಬಿಟ್ರು, ಡಾಕ್ಟರೇ ಬೆರಗಾದ್ರು. ನೀನು ಅತ್ತೆ ಬದಲು ಅಮ್ಮ ಅನ್ನು. ನಮ್ಮಲ್ಲಿ ಎಲ್ಲರೂ ಹೀಗೇ ಶುರು ಮಾಡೋದು."

ಅವಳ ಅಮ್ಮನಿಗೂ ಬಿಪಿ ಇತ್ತು, ಅದೂ ಮಾತ್ರೆಯಲ್ಲೇ ಹದ್ದುಬಸ್ತಿನಲ್ಲಿತ್ತು. ಪುಡಿಯನ್ನು ಮೂಸಿ ನೋಡಿ, "ಗೋಡೆಗೆ ಬಳಿಯೋದಾ?" ಎಂದು ಕೇಳಿದ್ದು ಬಿಟ್ಟರೆ ಅಮ್ಮನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಮಾರನೆಯ ದಿನ ಅವಳು ಕೆಳಮನೆಯ ಬೆಲ್ ಒತ್ತಿದಳು.

ಕೆಳಮನೆಯಲ್ಲಿ ಇದ್ದವರು ಟೀಚರ್. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಚಿಕ್ಕವಳಿದ್ದಾಗ ಇವಳ ಕೈ ಹಿಡಿದು ಮೊದಲ ವೃತ್ತ ಬರೆಸಿದವರು. ಇವಳು ಸೋಫಾದ ತುದಿಯಲ್ಲಿ ಕೂತು, ಕಣ್ಣುಮುಚ್ಚಿ ನೀರಿಗೆ ಹಾರುವವಳಂತೆ, ಅಕ್ಕನ ಕಥೆಯನ್ನು ಹೇಳಿಬಿಟ್ಟಳು. ಎಲ್ಲೂ ತಡವರಿಸಲಿಲ್ಲ. ಹುಟ್ಟಿದಾಗಿನಿಂದ ಅಂಥ ದನಿ ತನ್ನ ಬಾಯಿಂದ ಬಂದದ್ದನ್ನು ಅವಳು ಕೇಳಿರಲಿಲ್ಲ. ತನ್ನದಲ್ಲದ ಮಾತು ಇಷ್ಟು ಸಲೀಸಾಗಿ ಹೊರಡುತ್ತದಲ್ಲ ಎಂದು ಒಳಗೊಳಗೇ ಹೆದರಿಕೆಯಾಯಿತು, ಖುಷಿಯೂ ಆಯಿತು.

"ನಿಮ್ಮಮ್ಮನಿಗಾ? ಅದಕ್ಕೇ ಮತ್ತೆ, ಮೊನ್ನೆ ನೋಡಿದ್ರೆ ಮುಖದಲ್ಲಿ ಕಳೆ ಇತ್ತು," ಎಂದರು ಟೀಚರ್. "ಕೊಡು ಒಂದು. ನೀನು ಇಷ್ಟು ಮಾತಾಡಿದ್ದಕ್ಕಾದರೂ ತಗೋಬೇಕು ನಾನು."

ಆ ಸಂಜೆ ಅಕ್ಕನ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳ ಸುರಿಮಳೆ. ಅಮ್ಮ ಕೂಡ ಹೊಲಿಗೆ ನಿಲ್ಲಿಸಿ, "ಪರವಾಗಿಲ್ವೇ, ಜಿಪ್ಪು ಬಿಚ್ಕೊಂಡಿತು," ಎಂದಳು. ಅವಳು ಅಂದು ನಲ್ಲಿ ತಿರುಗಿಸಲಿಲ್ಲ.

ಎರಡನೆಯ ಡಬ್ಬಿ ಕೊಡಲು ಹೋದಾಗ ಟೀಚರ್ ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯಿತು. ಒಂದು ಕೈ ಗೋಡೆಗೆ ಊರಿ ನಿಂತಿದ್ದರು. ಮುಖ ಕೆಂಪೇರಿತ್ತು, ಕಣ್ಣಿನ ಕೆಳಗೆ ಊದಿತ್ತು.

"ಬಾ ಬಾ. ಏನಿಲ್ಲ, ಹಿಂದಲೆ ಸ್ವಲ್ಪ ಭಾರ. ಎದ್ದು ನಿಂತ್ರೆ ಕಣ್ಣಿಗೆ ಕತ್ತಲೆ ಬರುತ್ತೆ," ಎಂದರು. ಆಮೇಲೆ ಗುಟ್ಟು ಹೇಳುವವರಂತೆ ಬಗ್ಗಿ, "ನಾನೂ ಬಿಪಿ ಮಾತ್ರೆ ಬಿಟ್ಟೆ ಕಣಮ್ಮ. ನಿಮ್ಮಮ್ಮನ ಹಾಗೇ."

ಕೈಯಲ್ಲಿದ್ದ ಡಬ್ಬಿ ಕಬ್ಬಿಣದ ಗುಂಡಿನಂತಾಯಿತು.

"ಡಾಕ್ಟರಿಗೆ... ಕೇಳಿದ್ರಾ?"

"ಆ ಡಾಕ್ಟರು ಬಿಡು ಅಂತಾರಾ? ಡಬ್ಬಿ ಮೇಲಿದ್ದ ನಂಬರ್ ನೋಡಿ ನಿಮ್ಮ ಲೀಡರ್‌ಗೆ ಫೋನ್ ಮಾಡಿದ್ದೆ. ಮೈಯಲ್ಲಿರೋ ಕೊಳೆ ಹೊರಗೆ ಬರೋವಾಗ ಹೀಗೇ ಆಗೋದಂತೆ. ನಿಮ್ಮಮ್ಮನಿಗೂ ಮೊದಮೊದಲು ಹೀಗೇ ಆಗಿತ್ತಾ?"

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆ ಮಾತಿಗೆ ಅವಳದೇ ದನಿ ಬೇಕಾಗಿತ್ತು, ಆ ದನಿಯೋ ಎಂದಿನಂತೆ ಕೈಕೊಟ್ಟಿತು. "ನೀರು ಜಾಸ್ತಿ ಕುಡೀರಿ ಟೀಚರ್," ಎಂದಷ್ಟೇ ಗೊಣಗಿ, ಮೆಟ್ಟಿಲು ಹತ್ತಿ ಬಂದು ಬಾಗಿಲ ಹಿಂದೆ ನಿಂತಳು.

ಅಕ್ಕನಿಗೆ ಫೋನ್ ಮಾಡಿದಳು. "ಟೀಚರಿಗೆ ಏನಾದ್ರೂ ಆದ್ರೆ?"

"ಏನೂ ಆಗಲ್ಲ. ಹೆದರಿಕೆ ಹೆದರಿಕೆ ಅಂತ ಕೂತ್ರೆ ಬಿಸಿನೆಸ್ ಆದ ಹಾಗೇ. ನಾಳೆ ನಿಮ್ಮ ಮನೇಲಿ ಡೆಮೊ, ನೆನಪಿದೆ ತಾನೆ? ಟೀಚರ್ ಬಂದು ಅವರ ಅನುಭವ ಹೇಳ್ತಾರೆ. ಬೀದಿಯ ಅರ್ಧ ಜನ ಅವರ ಹತ್ರ ಕಲಿತವರು, ಅವರ ಮಾತು ತೆಗೆದುಹಾಕೋರು ಯಾರು? ನೀನು ನಗ್ತಾ ಇರು, ಸಾಕು."

ಫೋನ್ ಇಟ್ಟ ಮೇಲೆ ಅವಳಿಗೆ ಇನ್ನೊಂದು ಯೋಚನೆ ಬಂತು. ಬೀದಿಯ ಅರ್ಧ ಜನ. ಅವರಲ್ಲಿ ಮಾತ್ರೆ ನುಂಗುವವರು ಎಷ್ಟು ಮಂದಿಯೋ.

ಆಗಿನಿಂದ ಅವಳ ಕಿವಿ ಕೆಳಮನೆಗೇ ಅಂಟಿಕೊಂಡಿತು. ಪಾತ್ರೆ ಬಿದ್ದರೆ ಟೀಚರ್ ಬಿದ್ದರೇನೋ ಅನ್ನಿಸುತ್ತಿತ್ತು. ಸದ್ದೇ ಇಲ್ಲದಿದ್ದರೆ ಇನ್ನೂ ಹೆಚ್ಚು ಗಾಬರಿ. ಬೀದಿಯಲ್ಲಿ ವಾಹನವೊಂದು ಹಾರ್ನ್ ಹಾಕಿದಾಗ ಆಂಬುಲೆನ್ಸೇ ಬಂತೆಂದು ಕಿಟಕಿಗೆ ಓಡಿದಳು, ಗ್ಯಾಸ್ ಸಿಲಿಂಡರಿನವನು. ಅಮ್ಮನಿಗೆ ಹೇಳೋಣವೆಂದು ಹೊಲಿಗೆ ಯಂತ್ರದ ಪಕ್ಕಕ್ಕೆ ಹೋಗಿ ನಿಂತಳು. "ಏನೇ, ಬೆಳಕಿಗೆ ಅಡ್ಡ ನಿಂತ್ಕೊಂಡೆ," ಎಂದಳು ಅಮ್ಮ. ಅವಳು ಪಕ್ಕಕ್ಕೆ ಸರಿದಳು.

ಡೆಮೊ ದಿನ ಕುರ್ಚಿ ಸಾಲದೆ ಮಂಚದ ಮೇಲೂ ಹೆಂಗಸರು ಕೂತರು. ಅಕ್ಕ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಲೋಟಗಳನ್ನು ಸಾಲಾಗಿಟ್ಟು ಪುಡಿ ಕಲಕುತ್ತಿದ್ದಳು. ಅಮ್ಮ ಮೂಲೆಯಲ್ಲಿ, ಯಾರದೋ ಮದುವೆಗೆ ಅರ್ಜೆಂಟಾಗಿ ಬೇಕಾದ ಅಂಗಿಯ ಕಾಲರ್ ಹೊಲಿಯುತ್ತಿದ್ದಳು. ಟೀಚರ್ ಮೆಟ್ಟಿಲು ಹತ್ತುವುದು ಕೇಳಿಸಿತು. ಒಂದು ಹೆಜ್ಜೆ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೊಂದು ಹೆಜ್ಜೆ.

ಒಳಗೆ ಬಂದ ಟೀಚರನ್ನು ಅಕ್ಕ ಎಲ್ಲರ ಎದುರು ಕೂರಿಸಿದಳು. "ನೋಡಿ, ಇವರೇ ಸಾಕ್ಷಿ."

"ನಾನಲ್ಲ," ಎಂದರು ಟೀಚರ್, ಹಿಂದಲೆಯನ್ನು ಬೆರಳಿನಿಂದ ಒತ್ತಿಕೊಳ್ಳುತ್ತ. "ಸಾಕ್ಷಿ ಅಂದ್ರೆ ಅವರು." ಮೂಲೆಯ ಕಡೆ ತಿರುಗಿದರು. "ಅಲ್ವೇನ್ರೀ? ನೀವು ಈ ಪುಡಿ ಕುಡಿದು ಮಾತ್ರೆ ಬಿಟ್ರಿ ಅಂತ ತಾನೇ ನಾನೂ ಬಿಟ್ಟಿದ್ದು. ತಲೆಸುತ್ತು ಯಾವಾಗ ನಿಲ್ಲುತ್ತೆ, ನೀವೇ ಹೇಳಿ."

ಹೊಲಿಗೆ ಯಂತ್ರ ನಿಂತಿತು. ಅಮ್ಮ ಟೀಚರನ್ನು ನೋಡಿದಳು, ಕಲಕುತ್ತಿದ್ದ ಅಕ್ಕನನ್ನು ನೋಡಿದಳು, ಕೊನೆಗೆ ಮಗಳನ್ನು ನೋಡಿದಳು. ಮಗಳ ಮುಖದಲ್ಲಿ ಎಲ್ಲವೂ ಬರೆದಿಟ್ಟ ಹಾಗೆ ಕಂಡಿರಬೇಕು. ತುಂಬಿದ ಕೋಣೆ, ಬೀದಿಯ ಹೆಂಗಸರು, ಅಷ್ಟು ಜನರೆದುರು ತನ್ನ ಹುಡುಗಿ. ಅಮ್ಮ ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು.

"ಹೂಂ," ಎಂದಳು ಮೆಲ್ಲಗೆ. "ಬಿಟ್ಟೆ. ನಿಲ್ಲುತ್ತೆ ಬಿಡಿ, ಸ್ವಲ್ಪ ದಿನಕ್ಕೆ."

ಅಮ್ಮ ಸುಳ್ಳು ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅದೂ ತನಗಾಗಿ. ಟೀಚರ್ ನಿರಾಳವಾಗಿ ಉಸಿರುಬಿಟ್ಟರು. ಅಕ್ಕ ಚಪ್ಪಾಳೆ ಶುರು ಮಾಡಿದಳು, ಉಳಿದವರೂ ತಟ್ಟಿದರು. ಮಂಚದ ಮೇಲಿದ್ದ ಒಬ್ಬಾಕೆ ಪಕ್ಕದವಳಿಗೆ, "ನಮ್ಮವರಿಗೂ ಮಾತ್ರೆ ಬಿಡಿಸಿ ನೋಡ್ಬೇಕು ಕಣೇ," ಎಂದಳು. ಟೀಚರ್ ಲೋಟಕ್ಕೆ ಕೈಚಾಚಿದರು. ಕೈ ನಡುಗಿ, ಪುಡಿಯ ನೀರು ಬಿಳಿ ಬಟ್ಟೆಯ ಮೇಲೆ ಚೆಲ್ಲಿ ಹರಡಿತು.

"ಈಗ ನಮ್ಮ ತಂಗಿ ಎರಡು ಮಾತು ಹೇಳ್ತಾಳೆ," ಎಂದಳು ಅಕ್ಕ, ಅವಳ ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳುತ್ತ.

ಎಲ್ಲರ ಕಣ್ಣೂ ಅವಳ ಮೇಲೆ. ಆ ಸಲೀಸಾದ ದನಿ ಕರೆದರೆ ಬರಲು ತಯಾರಾಗಿ ನಿಂತಿತ್ತು. ಅವಳು ಅದನ್ನು ಕರೆಯಲಿಲ್ಲ. ಗಂಟಲಿನಲ್ಲಿ ಸಿಕ್ಕಿ, ಒಡೆದು, ಅರ್ಧ ಅಳುವಾಗಿ, ಹೇಗೆ ಬಂತೋ ಹಾಗೆ ತನ್ನ ದನಿಯನ್ನೇ ಎಳೆದು ತಂದಳು.

"ಟೀಚರ್, ನಮ್ಮಮ್ಮ ಇವತ್ತು ಬೆಳಗ್ಗೆನೂ ಮಾತ್ರೆ ನುಂಗಿದಾಳೆ."