ಹಿಮ್ಮಡಿಯ ಗುಳಿ

ಮಾಗಿಯ ಚಳಿ ಇಳಿದು ಬಿಸಿಲು ಹದಕ್ಕೆ ಬರುವ ದಿನಗಳು. ಓಣಿಯ ಉದ್ದಕ್ಕೂ ಹಾಸು, ಅಂದರೆ ಬಟ್ಟೆಯ ಉದ್ದೆಳೆಗಳನ್ನು, ಎಳೆದು ಕಟ್ಟಿದ್ದರು. ಹೆಂಗಸರು ಗಂಜಿಯ ಗಡಿಗೆ ಹಿಡಿದು, ಎಳೆಗಳ ಮೇಲೆ ಕುಂಚ ಆಡಿಸುತ್ತ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಅಂಥ ಒಂದು ಬೆಳಗಿನಲ್ಲಿ ನನ್ನನ್ನು ನೆಲಕ್ಕೆ ಇಳಿಸಿದರು.

ನಾನು ಒಂದು ಕುಣಿಮಗ್ಗ. ಬಡಿಗೇರ ಮೌನೇಶ ಬೇವಿನ ಮರದಿಂದ ನನ್ನ ಚೌಕಟ್ಟು ಮಾಡಿದ. ನೇಯ್ದ ಬಟ್ಟೆ ಸುತ್ತುವ ದಿಂಡಿಗೆ ಹುಣಸೆ ತಂದ. ಕಾಲಲ್ಲಿ ತುಳಿಯುವ ಎರಡು ಹಲಗೆಗಳಿಗೆ ಜಾಲಿ ಬೇಕೆಂದು ಹಟ ಹಿಡಿದು ಹುಡುಕಿಸಿದ. ಸೊಂಟದಾಳದ ಕುಣಿ ತೋಡಿ ಹಲಗೆಗಳನ್ನು ಅದರೊಳಗೆ ಕೂರಿಸಿದ. ನೇಯುವವರು ಕುಣಿಯ ಅಂಚಿಗೆ ಕೂತು ಕಾಲು ಒಳಗೆ ಬಿಡುತ್ತಾರೆ. ಹಾಗಾಗಿ ನನಗೆ ಜನರ ಮುಖಕ್ಕಿಂತ ಕಾಲಿನ ಗುರುತು ಹೆಚ್ಚು. ಹಿಮ್ಮಡಿಯ ತೂಕ ಸಾಕು, ಯಾರು ಬಂದರು, ಉಂಡು ಬಂದರೋ ಜಗಳಾಡಿ ಬಂದರೋ ನನಗೆ ತಿಳಿಯುತ್ತದೆ.

ಮೊದಲು ನನ್ನನ್ನು ತುಳಿದದ್ದು ಮನೆಯ ಹಿರಿಯ. ಆತನದು ಎತ್ತಿನ ಗೊರಸಿನಂಥ ಪಾದ. ಅವನ ನಂತರ ಸೊಸೆ ನೀಲವ್ವ ಕೂತಳು. ಕೂತವಳು ನಲವತ್ತು ವರ್ಷ ಏಳಲಿಲ್ಲ. ಬಾಣಂತನಕ್ಕೆ, ಹಬ್ಬಕ್ಕೆ, ಅಮಾವಾಸ್ಯೆಯ ಬಿಡುವಿಗೆ ಎದ್ದದ್ದು ಬಿಟ್ಟರೆ ದಿನವೂ ಅವಳ ಎರಡು ಹಿಮ್ಮಡಿಗಳು ನನ್ನ ಹಲಗೆಗಳ ಮೇಲೆ ಇರುತ್ತಿದ್ದವು. ಜಾಲಿಯಂಥ ಜಾಲಿಯೂ ಸವೆದು, ಪ್ರತಿ ಹಲಗೆಯಲ್ಲಿ ಒಂದೊಂದು ಗುಳಿ ಬಿತ್ತು. ದೀಪದ ಪಣತಿಯಷ್ಟು ಆಳ. ಅವಳ ಮಗ ಈರಪ್ಪನೂ ನನ್ನ ಮೇಲೆಯೇ ಕೆಲಸ ಕಲಿತ. ಆಮೇಲೆ ಊರ ಹೊರಗಿನ ಪವರ್‌ಲೂಮಿನ ಶೆಡ್ಡಿಗೆ ಹೋಗತೊಡಗಿದ. ಮಗ್ಗದ ಕೋಣೆಯಲ್ಲಿ ನಾನು, ನೀಲವ್ವ, ಮತ್ತೆ ಮಗ್ಗುಲಲ್ಲಿ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುವ ಮೊಮ್ಮಗಳು ಉಳಿದೆವು.

ಮೊಮ್ಮಗಳು ಶಾಕಂಬರಿ. ಮನೆಯಲ್ಲಿ ಶಾಕಿ ಎನ್ನುತ್ತಿದ್ದರು. ಐದು ತುಂಬಿದರೂ ಕೂಸಿಗೆ ಮಾತು ಬಂದಿರಲಿಲ್ಲ. ಮಾತು ಬಂದರೆ ಬನಶಂಕರಿಗೆ ನನ್ನ ಕೈಯಾರೆ ನೇಯ್ದ ಸೀರೆ ಉಡಿಸುತ್ತೇನೆ ಎಂದು ನೀಲವ್ವ ಹರಕೆ ಹೊತ್ತಳು. ಒಂದು ದಿನ ಶಾಕಿ ರಾಟೆ ನಿಲ್ಲಿಸಿ, ನನ್ನ ಮೇಲಿನ ಬಟ್ಟೆಗೆ ಬೆರಳಿಟ್ಟು ಹೇಳಿದಳು:

"ಆಯಿ, ಒಂದ್ ಎಳಿ ತಪ್ಪೈತಿ."

ಅದು ಅವಳ ಮೊದಲ ಮಾತು. ನೀಲವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಎರಡು ಸಾವಿರ ಎಳೆಗಳ ನಡುವೆ ಒಂದು ಎಳೆ ತಪ್ಪಿತ್ತು. ಮುದುಕಿ ಕೂಸನ್ನು ಅಪ್ಪಿಕೊಂಡು ಓಣಿಗೆಲ್ಲ ಸಕ್ಕರೆ ಹಂಚಿದಳು. ಮಾತು ಬಂತು ಎಂದು ಎಲ್ಲರಿಗೂ ಹೇಳಿದಳು. ಏನು ಮಾತು ಎಂದು ಯಾರೂ ಕೇಳಲಿಲ್ಲ. ನಾನು ಮಾತ್ರ ಅದನ್ನು ನೆನಪಿಟ್ಟುಕೊಂಡೆ.

ಹರಕೆಯ ಸೀರೆ ಇವತ್ತು ನಾಳೆ ಎನ್ನುತ್ತ ಐದು ವರ್ಷ ತಡವಾಯಿತು. ಕೊನೆಗೆ ಕೆಂಪು ಹಾಸು ಹೂಡಿ, ನಲವತ್ತು ಹೊಕ್ಕಿಗೆ, ಅಂದರೆ ನಲವತ್ತು ಅಡ್ಡೆಳೆಗೆ, ಒಂದೊಂದು ಹಳದಿ ಹೂ ಹಾಕುತ್ತ ನೇಯತೊಡಗಿದಳು. ನಾಲ್ಕು ನಾಲ್ಕಾಗಿ ಎಣಿಸುತ್ತ, ಹತ್ತು ನಾಲ್ಕಾದರೆ ಸೆರಗಿಗೆ ಒಂದು ಗಂಟು ಹಾಕುತ್ತ ಎರಡು ಮೊಳ ನೇಯ್ದಳು. ಆ ದಿನ ಲಾಳಿ ಎಡದಿಂದ ಬಲಕ್ಕೆ ದಾಟಿತು. ಬಾಚಣಿಗೆಯಂಥ ಹಣಿಗೆ ಎಳೆದು ಆ ಎಳೆಯನ್ನು ಬಡಿಯಬೇಕಾದ ಕೈ ಬರಲಿಲ್ಲ. ಹಿಮ್ಮಡಿಗಳು ಹಗುರಾದವು. ಒಂದು ಏಟು ಬಾಕಿ ಉಳಿಸಿ ನೀಲವ್ವ ಹೋದಳು.

ನಮ್ಮ ಓಣಿಯಲ್ಲಿ ಹರಕೆಯ ಬಟ್ಟೆಯನ್ನು ನಡುವೆ ಕತ್ತರಿಸುವುದಿಲ್ಲ. ಬಿಳಿ ಪಂಚೆ ಹೊದಿಸಿ ಇಡುತ್ತಾರೆ. ತೀರಿದವರ ವರ್ಷಾಂತಿಕ ಮುಗಿದ ಮೇಲೆ ಮನೆಯ ದೊಡ್ಡವರೊಬ್ಬರು ಮುಗಿಸಬೇಕು. ಮಕ್ಕಳ ಕೈ ತಾಗಲೇಬಾರದು. ನನಗೂ ಪಂಚೆ ಹೊದಿಸಿದರು. ನೂಲಿನ ಬುಟ್ಟಿ ಮಗ್ಗುಲಲ್ಲೇ ಉಳಿಯಿತು. ಕುಣಿಯೊಳಗೆ ಕತ್ತಲು, ಮೇಲೆ ಹೆಣದ ಬಣ್ಣದ ಬೆಳಕು. ಹಾಗೆ ಕೆಲವು ತಿಂಗಳು ಕಳೆದೆ.

ಒಂದು ಮಧ್ಯಾಹ್ನ ಓಣಿಯ ಮಗ್ಗಗಳೆಲ್ಲ ಊಟಕ್ಕೆ ನಿಂತಿದ್ದವು. ಪಂಚೆಯ ಒಂದು ಮೂಲೆ ಮೇಲೆದ್ದಿತು. ಯಾರೋ ನೀಲವ್ವ ಗುನುಗುತ್ತಿದ್ದ ಧಾಟಿಯಲ್ಲೇ ಗುನುಗುತ್ತ ಕುಣಿಗೆ ಇಳಿದರು. ಸುಳ್ಳೇಕೆ ಹೇಳಲಿ, ನನ್ನ ಮೈಯ ಕಟ್ಟುಗಳೆಲ್ಲ ಒಮ್ಮೆ ಬಿಗಿದವು. ಬಂದಳು ಎಂದುಕೊಂಡೆ. ಆದರೆ ಹಲಗೆಯ ತುದಿಗೆ ತಾಗಿದ್ದು ಬರೀ ಹತ್ತು ಬೆರಳು. ಹಿಮ್ಮಡಿಯೇ ಇಲ್ಲ. ಅಂಚಿನ ಮೇಲೆ ಕೂತರೆ ಕಾಲು ಎಟುಕದೆ, ಶಾಕಿ ಕುಣಿಯಲ್ಲಿ ತುದಿಗಾಲಲ್ಲಿ ನಿಂತಿದ್ದಳು. ಆಯಿ ಬಿಟ್ಟುಹೋದ ಎಳೆಯನ್ನು ಅವಳು ಬಡಿಯಲಿಲ್ಲ. ಅದನ್ನು ಇದ್ದ ಹಾಗೇ ಬಿಟ್ಟು, ಅದರಾಚೆ ತನ್ನ ಹೊಸ ಎಳೆ ಹಾಕಿದಳು.

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಿ ರತ್ನವ್ವನಿಗೆ ನನ್ನ ಸದ್ದು ಕೇಳಿಸಿತು. ಕೈಯಲ್ಲಿ ಹಿಟ್ಟು ಹಿಡಿದೇ ಬಾಗಿಲಿಗೆ ಬಂದಳು. ಅಷ್ಟರಲ್ಲಿ ಶಾಕಿ ಹಿತ್ತಲ ಬಾಗಿಲಿಂದ ಜಾರಿದ್ದಳು. ರತ್ನವ್ವ ಕಂಡದ್ದು ಖಾಲಿ ಕೂರುವ ಜಾಗ, ಇನ್ನೂ ತೂಗುತ್ತಿರುವ ಹಣಿಗೆ, ಗೇಣಷ್ಟು ಬೆಳೆದ ಕೆಂಪು ಬಟ್ಟೆ. ಹಿಟ್ಟಿನ ಮುದ್ದೆ ಕೈಯಿಂದ ಬಿತ್ತು.

ಮರುದಿನವೂ ಬಟ್ಟೆ ಬೆಳೆಯಿತು. ಅದರ ಮರುದಿನವೂ. ಓಣಿಯ ಹಿರಿಯ ನೇಕಾರ ಕಾಡಪ್ಪಜ್ಜನನ್ನು ಕರೆಸಿದರು. ಆತ ಕನ್ನಡಕ ಒರೆಸಿ, ಹೂವಿಗೂ ಹೂವಿಗೂ ನಡುವಿನ ಹೊಕ್ಕು ಎಣಿಸಿದ. ಎರಡು. ಮೂರು. ಐದು. ಏಳು. ಹನ್ನೊಂದು. ಬೆರಳು ಹಿಂದಕ್ಕೆ ತೆಗೆದ.

"ಇದು ನಮ್ಮ ಲೆಕ್ಕ ಅಲ್ಲೋ ಈರಪ್ಪ. ಐವತ್ತ ವರ್ಷ ನೇಯ್ದೀನಿ, ಹೂವು ಹಿಂಗ ದೂರ ದೂರ ನಡದ ಹೋಗೂದು ನೋಡಿಲ್ಲ. ಇದು ಸತ್ತವರ ಲೆಕ್ಕ. ನಿಮ್ಮವ್ವ ಹರಕಿ ತೀರ್ಸಾಕ ಬಂದಾಳ."

ಆಮೇಲೊಂದು ಮಧ್ಯಾಹ್ನ ರತ್ನವ್ವ ಅಡಗಿ ನಿಂತು ನೋಡಿದಳು. ಕುಣಿಯೊಳಗೆ ಮಗಳು ತುದಿಗಾಲಲ್ಲಿ ನಿಂತಿದ್ದಾಳೆ. ಕಣ್ಣು ರೆಪ್ಪೆ ಬಡಿಯುತ್ತಿಲ್ಲ. ತುಟಿಯ ಮೇಲೆ ಅತ್ತೆಯ ಗುನುಗು. ರತ್ನವ್ವ ಬೈಯಲಿಲ್ಲ, ಹೊಡೆಯಲಿಲ್ಲ. ನೆಲಕ್ಕೆ ಬಿದ್ದು ಕೈ ಮುಗಿದಳು.

"ಅತ್ತಿ... ನೀವಾ?"

ಶಾಕಿ ಮೆಲ್ಲಗೆ ತಿರುಗಿದಳು. ಹರಕೆಯ ಬಟ್ಟೆ ಮುಟ್ಟಿದ್ದಕ್ಕೆ ಬೆನ್ನು ಮುರಿಯುತ್ತಾರೆ ಎಂದು ಹೆದರಿದ್ದ ಕೂಸು. ಶಾಲೆಯಲ್ಲಿ ಮಗ್ಗಿ ಹೇಳುವುದಿಲ್ಲವೆಂದು ಹಿಂದಿನ ಸಾಲಿಗೆ ಅಟ್ಟಿಸಿಕೊಂಡು, ಮಂಕು ಎನ್ನಿಸಿಕೊಂಡ ಕೂಸು. ಇಲ್ಲಿ ನೋಡಿದರೆ ಅವ್ವ ಕೈ ಮುಗಿದಿದ್ದಾಳೆ. ಶಾಕಿ ಒಂದು ಗಳಿಗೆ ಯೋಚಿಸಿದಳು.

"ಹ್ಞೂಂ," ಅಂದಳು.

ಅಲ್ಲಿಂದ ಶಾಕಿ ಎಂಬ ಹೆಸರು ಆ ಮನೆಯಲ್ಲಿ ಕೇಳಲಿಲ್ಲ. ಹೆಸರು ಹಿಡಿದು ಕರೆದರೆ ಬಂದವರು ಹೊರಟುಹೋಗುತ್ತಾರೆ ಎಂದು ಕಾಡಪ್ಪಜ್ಜ ಹೇಳಿದ್ದ. ನೀಲವ್ವನ ಮಣೆ ಹಾಕಿ ಕೂರಿಸಿದರು. ನೀಲವ್ವನ ಹಸಿರು ಬಳೆಗಳನ್ನು ಮೊಣಕೈಯವರೆಗೆ ಏರಿಸಿದರು. ಹೆತ್ತವಳು ಮಗಳಿಗೆ, "ಅತ್ತಿಯವರ, ಬಿಸಿ ರೊಟ್ಟಿ ಹಾಕ್ಲ್ಯಾ?" ಎನ್ನುತ್ತಿದ್ದಳು. ಈರಪ್ಪ ಶೆಡ್ಡಿನಿಂದ ಬಂದು ಹತ್ತು ವರ್ಷದ ಮಗಳ ಕಾಲ ಬಳಿ ಕೂತು, "ಅವ್ವಾ, ಅಲ್ಲಿ ಸುಖಾ ಅದೀಯಾ?" ಎಂದು ಕೇಳುತ್ತಿದ್ದ. ಶಾಲೆ ನಿಂತಿತು. ತೀರಿಹೋದವರಿಗೆ ಎಂಥ ಶಾಲೆ?

ಮೊದಮೊದಲು ಇದು ಶಾಕಿಗೆ ಆಟ. ನೇಯಲು ಬಿಟ್ಟರಲ್ಲ, ಸಾಕಿತ್ತು. ಆದರೆ ದಿನ ಕಳೆದಂತೆ ಸೊಂಟದ ಮೇಲೆ ಕೈಯಿಟ್ಟು ಏಳತೊಡಗಿದಳು. ಎಲೆ ಅಡಿಕೆ ಜಗಿಯತೊಡಗಿದಳು. ನೀಲವ್ವ ಕೆಮ್ಮುತ್ತಿದ್ದ ಹಾಗೇ ಕೆಮ್ಮಿದಳು. ಒಂದು ದಿನ ಹೊರಗಿನಿಂದ ಗೆಳತಿ, "ಶಾಕೀ!" ಎಂದು ಕೂಗಿದಾಗ ಇವಳು ಯಾರನ್ನೋ ಕರೆದರೆಂಬಂತೆ ತಿರುಗಿಯೂ ನೋಡಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಸತ್ತವಳು ಬಂದಿರಲಿಲ್ಲ. ಬದುಕಿರುವವಳು ಹೊರಟಿದ್ದಳು. ಅದನ್ನು ಬಲ್ಲವನು ನಾನೊಬ್ಬ. ಆದರೆ ಮರಕ್ಕೆ ಬಾಯಿ ಎಲ್ಲಿದೆ?

ಹಾಗಿರುವಾಗ ಒಂದು ಬೆಳಿಗ್ಗೆ ನದಾಫ ಅಕ್ಕೋರು ಬಂದರು. ಶಾಲೆಗೆ ಹೊಸದಾಗಿ ಬಂದ ಗಣಿತದ ಟೀಚರು. ಕಂಕುಳಲ್ಲಿ ಒಂದು ಫೈಲು.

"ಶಾಕಂಬರಿ ಎಲ್ಲಿ ಅದಾಳ್ರಿ? ಇಪ್ಪತ್ತ ದಿನಾತು, ಸಾಲಿ ಕಡೆ ಸುಳದಿಲ್ಲ."

"ಸಣ್ಣ ದನೀಲೆ ಮಾತಾಡ್ರಿ ಅಕ್ಕೋರ," ಎಂದಳು ರತ್ನವ್ವ. "ಅತ್ತಿಯವರು ನೇಯಾಕತ್ತಾರ."

"ನಿಮ್ಮತ್ತಿ ತೀರಿಕೊಂಡಾರ ಅಂತ ಕೇಳಿದ್ದೆ."

"ತೀರಿಕೊಂಡಿದ್ರು. ಬಂದಾರ."

ಅಕ್ಕೋರು ಫೈಲು ಕೆಳಗಿಟ್ಟರು. ನನ್ನ ಮಗ್ಗುಲಲ್ಲಿ ಚಾಪೆ ಹಾಸಿಕೊಂಡು ಕೂತರು. ಅವರ ಹಿರಿಯರು ಹತ್ತಿ ಹಿಂಜಿದವರು. ಬಟ್ಟೆ ಮುಟ್ಟುವ ರೀತಿ ಗೊತ್ತಿತ್ತು. ಮೊದಲು ಸುಮ್ಮನೆ ಬೆರಳಾಡಿಸಿದರು. ಆಮೇಲೆ ಸೆರಗಿನ ಪಿನ್ನು ಬಿಚ್ಚಿ, ಅದರ ಮೊನೆಯಿಂದ ಒಂದೊಂದೇ ಹೊಕ್ಕು ಎಣಿಸತೊಡಗಿದರು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಕಾಡಪ್ಪಜ್ಜ ಬಂದು ಕೂತ. ಊಟಕ್ಕೆ ಈರಪ್ಪ ಬಂದ. ಅಕ್ಕೋರ ಪಿನ್ನು ಒಂದು ಕಡೆ ನಿಂತಿತು.

"ಆಯಿ," ಎಂದರು ಶಾಕಿಗೆ, ಮನೆಯವರ ಹಾಗೇ. "ಎಂಬತ್ತೊಂಬತ್ತು ಹೊಕ್ಕ ಬಿಟ್ಟು ಹೂ ಹಾಕೀರಿ. ಮುಂದ ತೊಂಬತ್ತೊಂದಕ್ಕ ಹಾಕಬೇಕಿತ್ತಲ್ಲ? ತಪ್ಪಿ ತೊಂಬತ್ತೇಳಕ್ಕ ಹಾಕೀರಿ ನೋಡ್ರಿ."

ಲಾಳಿ ನಿಂತಿತು. ಶಾಕಿ ಎಲೆ ಅಡಿಕೆ ಒಂದು ದವಡೆಗೆ ಸರಿಸಿದಳು. ತಪ್ಪು ಎಂದದ್ದನ್ನು ಅವಳಿಗೆ ತಡೆಯಲಾಗಲಿಲ್ಲ.

"ತಪ್ಪಿಲ್ರಿ. ತೊಂಬತ್ತೊಂದು ಬರೂದಿಲ್ಲ. ಅದನ್ನ ಏಳ ಮಂದಿಗೆ ಹಂಚಾಕ ಆಕ್ಕೈತಿ. ತಲಿಗೆ ಹದಿಮೂರು."

"ಮತ್ತ ಹೂವಿನ ನಡಕಿನವು?"

"ಇವು ಯಾರಿಗೂ ಸಮ ಹಂಚಾಕ ಆಗೂದಿಲ್ರಿ. ಒಂಟಿ ಅದಾವ."

"ಯಾರ ಹೇಳಿಕೊಟ್ರು?"

"ಯಾರೂ ಇಲ್ರಿ. ಕಂಡಿಕಿ ಬುಟ್ಟಿಗೆ ಹಂಚುವಾಗ ನಂಗ ಗೊತ್ತಾತು."

ಅಕ್ಕೋರು ಪಿನ್ನನ್ನು ಸೆರಗಿಗೆ ಸಿಕ್ಕಿಸಿಕೊಂಡರು. ಫೈಲು ತೆರೆದರು.

"ಈರಪ್ಪನವರ, ಇದು ಸತ್ತವರ ಲೆಕ್ಕ ಅಲ್ರಿ. ಅವಿಭಾಜ್ಯ ಸಂಖ್ಯೆ ಅಂತ ದೊಡ್ಡ ಸಾಲಿ ಪುಸ್ತಕದಾಗ ಇರೂ ಲೆಕ್ಕ. ಆ ಪುಸ್ತಕ ನಿಮ್ಮ ಮಗಳು ಕಣ್ಣಿಲೆ ಕಂಡಿಲ್ಲ, ತಾನಽ ಹುಡಿಕ್ಯಾಳ. ಕಲಿಯೂ ಕಾಲಕ್ಕ ತೊಂಬತ್ತೊಂದರ ಹತ್ರ ನಾನೂ ಎಡವಿದಾಕಿ. ಮುಂದಿನ ತಿಂಗಳ ವಸತಿ ಶಾಲೆ ಪರೀಕ್ಷೆ ಐತಿ. ಅರ್ಜಿ ಕೊಡಾಕ ಇವತ್ತ ಕಡೀ ದಿನ. ನಿಮ್ಮ ಒಂದು ಸಹಿ ಬೇಕು."

ಈರಪ್ಪ ಗೋಡೆಗೆ ಒರಗಿದ. "ನಮ್ಮವ್ವನ್ನ ಎಲ್ಲಿಗೆ ಕಳಸಲ್ರಿ?"

"ನಿಮ್ಮವ್ವಗ ಎಣಿಕಿ ಎಲ್ಲಿತನಕ ಬರ್ತಿತ್ತು?"

"ನಾಕು ನಾಕು ಮಾಡಿ ಎಣಸ್ತಿದ್ಲು. ಹತ್ತ ನಾಕಾದ್ರ ಗಂಟು."

"ಅಲ್ಲಿ ಹೋದ ಮ್ಯಾಲೆ ಕಲತಿರಬೇಕು," ಎಂದ ಕಾಡಪ್ಪಜ್ಜ.

"ಅಲ್ಲೂ ಸಾಲಿ ಐತೇನ್ರಿ ಅಜ್ಜಾರ? ಇದ್ರ ಹೇಳ್ರಿ, ನಂಗ ಅಲ್ಲಿಗೆ ವರ್ಗಾವಣಿ ಬೇಕಾಗೇತಿ."

ಈರಪ್ಪ ಮಗಳನ್ನು ಎತ್ತಿ ಕುಣಿಯ ಹೊರಗೆ ನಿಲ್ಲಿಸಿದ. ಆಮೇಲೆ ಅಂಗಿಯ ತೋಳು ಮಡಚಿ, ನನ್ನ ಕುಣಿಗೆ ಇಳಿದ. ಎಷ್ಟೋ ವರ್ಷದ ಮೇಲೆ ಅವನ ಕಾಲು ಅಲ್ಲಿಗೆ ಬಂದಿತ್ತು. ಬಗ್ಗಿ, ಕತ್ತಲಲ್ಲಿ ಕೈಯಾಡಿಸಿದ. ಅವ್ವನ ತೊಡೆಯ ಮೇಲೆ ಕೂತು ಕೆಲಸ ಕಲಿತವನು. ಏನು ಹುಡುಕಬೇಕೆಂದು ಅವನಿಗೆ ಗೊತ್ತಿತ್ತು. ಹಲಗೆಗಳ ಮುಂದಿನ ತುದಿ ಪುಟ್ಟ ಬೆರಳುಗಳು ತಾಗಿ ತಾಗಿ ಕನ್ನಡಿಯಂತೆ ಮಿನುಗುತ್ತಿತ್ತು. ಹಿಂದೆ, ಹಿಮ್ಮಡಿಯ ಎರಡೂ ಗುಳಿಗಳಲ್ಲಿ ಧೂಳು ತುಂಬಿತ್ತು. ಎಡಗಡೆಯದರಲ್ಲಿ ಜೇಡವೊಂದು ಬಲೆ ಹೆಣೆದು ಬಿಳಿಯ ತತ್ತಿ ಇಟ್ಟಿತ್ತು. ಬಲೆಯ ಒಂದು ಎಳೆಯೂ ಹರಿದಿರಲಿಲ್ಲ.

ನಾನು ಹೇಳಬೇಕಾದದ್ದನ್ನು ಅಷ್ಟು ದಿನ ಅಲ್ಲಿ ಇಟ್ಟುಕೊಂಡಿದ್ದೆ.

"ಅವ್ವ ತುಳದಿಲ್ಲ," ಎಂದ ಈರಪ್ಪ. ಕುಣಿಯೊಳಗೆ ಅವನ ದನಿ ಬೇರೆ ಯಾರದೋ ಎನಿಸಿತು. "ಅವ್ವ ಬಂದೇ ಇಲ್ಲ, ರತ್ನಾ." ಹಣೆಯನ್ನು ನನ್ನ ದಿಂಡಿಗೆ ಒತ್ತಿ ಅತ್ತ. ತೀರಿದ ದಿನ ಅಳದವನು ಆ ದಿನ ಅತ್ತ. ಮಗಳನ್ನು ಮಗಳೆಂದು ಒಪ್ಪಿಕೊಳ್ಳಲು ಅವನು ತಾಯಿಯನ್ನು ಎರಡನೆಯ ಸಲ ಕಳೆದುಕೊಳ್ಳಬೇಕಾಯಿತು.

ಆಮೇಲೆ ತಲೆಯೆತ್ತಿ ಕರೆದ. "ಶಾಕಿ."

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಕಣ್ಣು ಎಲ್ಲೋ.

"ಶಾಕಿ!"

ಕೆಮ್ಮಿದಳು. ನೀಲವ್ವನ ಕೆಮ್ಮು. ರತ್ನವ್ವ ಸೆರಗು ಬಾಯಿಗೆ ತುರುಕಿಕೊಂಡಳು.

"ಯವ್ವಾ, ಶಾಕಂಬರೀ... ಇನ್ನೊಂದ ಸಲ ಹೇಳವಾ. ತೊಂಬತ್ತೊಂದು ಯಾಕ ಬರೂದಿಲ್ಲ?"

ಕಣ್ಣುಗಳು ಮೆಲ್ಲಗೆ ಅವನ ಮುಖಕ್ಕೆ ಬಂದು ನಿಂತವು. ಬಾವಿಯಿಂದ ಕೊಡ ಮೇಲೆ ಬಂದ ಹಾಗೆ. ಬಾಯಿಯ ಎಲೆ ಅಡಿಕೆ ಉಗುಳಿದಳು.

"ಒಮ್ಮೆ ಹೇಳಿದ್ರ ತಿಳಿಯೂದಿಲ್ಲೇನಪಾ?" ಎಂದಳು.

ಸಹಿ ಆಯಿತು. ಅಕ್ಕೋರು ಬಸ್ಸಿಗೆ ಓಡಿದರು. ಪರೀಕ್ಷೆಗೆ ಓದುತ್ತ ಓದುತ್ತಲೇ ಶಾಕಿ ಸೀರೆ ಮುಗಿಸಿದಳು, ಈಗ ಎಲ್ಲರ ಕಣ್ಣೆದುರು, ತನ್ನ ಹೆಸರಿನಲ್ಲಿ. ಮಕ್ಕಳ ಕೈ ತಾಗಿದ ಸೀರೆ ದೇವಿಗೆ ನಡೆಯುತ್ತದೆಯೇ ಎಂದು ಕಾಡಪ್ಪಜ್ಜ ಗೊಣಗಿದ. ಕೂಸಿಗೆ ಮಾತು ಕೊಟ್ಟ ದೇವಿ ಲೆಕ್ಕವನ್ನೂ ಕೊಟ್ಟಿರಲಾರಳೇ ಎಂದು ರತ್ನವ್ವ ಬಾಯಿ ಮುಚ್ಚಿಸಿದಳು. ಸೀರೆ ಬನಶಂಕರಿಗೆ ಏರಿತು. ಹುಡುಗಿ ವಸತಿ ಶಾಲೆಗೆ ಹೋದಳು.

ಆಮೇಲೆ ನನ್ನ ಮೇಲೆ ಯಾರೂ ಹಾಸು ಹೂಡಲಿಲ್ಲ. ಈಗ ನನಗೆ ವಯಸ್ಸಾಗಿದೆ. ಬೇವಿನ ಚೌಕಟ್ಟಿಗೆ ಗೆದ್ದಲು ಬಂದಿದೆ. ದಿಂಡಿನ ಮೇಲೆ ಕೌದಿ ಒಣಗಿಸುತ್ತಾರೆ. ಕುಣಿಯನ್ನು ಮುಚ್ಚಬೇಕೆಂದು ವರ್ಷವೂ ಮಾತಾಡುತ್ತಾರೆ, ಈರಪ್ಪ ಬಿಡುವುದಿಲ್ಲ.

ಹೋದ ಬೇಸಿಗೆಯ ರಜೆಗೆ ಶಾಕಿ ಬಂದಿದ್ದಳು. ಎತ್ತರ ಬೆಳೆದಿದ್ದಾಳೆ. ಮಧ್ಯಾಹ್ನ, ಓಣಿ ಊಟಕ್ಕೆ ನಿಂತ ಹೊತ್ತಿಗೆ, ಕೌದಿ ಸರಿಸಿ ಅಂಚಿಗೆ ಕೂತು ಕಾಲು ಇಳಿಬಿಟ್ಟಳು. ಎರಡೂ ಹಿಮ್ಮಡಿಗಳು ಸೀದಾ ಬಂದು ಗುಳಿಯಲ್ಲಿ ಕೂತವು. ಬೆರಳು ತೂರದಷ್ಟು ಸರಿಯಾಗಿ. ಇವರಿಬ್ಬರು ಬೇರೆ ಬೇರೆ ಎಂದು ಸಾಕ್ಷಿ ಹೇಳಿದವನು ನಾನೇ. ಆ ಮಧ್ಯಾಹ್ನ ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಅವಳಿಗೂ ತಿಳಿಯಿತು. ಮೈ ಒಮ್ಮೆ ಜುಮ್ಮೆಂದದ್ದು ಹಲಗೆಗೆ ತಾಗಿತು. ಆದರೆ ಕಾಲು ಹಿಂದೆಗೆಯಲಿಲ್ಲ. ಖಾಲಿ ಹಣಿಗೆಯ ಮೇಲೆ ಕೈಯಿಟ್ಟು ಮೆಲ್ಲಗೆ ಅಂದಳು:

"ಆಯಿ, ನಿನ್ನ ಒಂದ್ ಏಟು ಇನ್ನೂ ಬಾಕಿ ಐತಿ. ನಾ ಹೊಡಿಯಾಂಗಿಲ್ಲ. ಅದು ನಿಂದು."

ದೇವಿಯ ಪೆಟ್ಟಿಗೆಯಲ್ಲಿರುವ ಆ ಕೆಂಪು ಸೀರೆಯಲ್ಲಿ, ಎರಡು ಮೊಳದ ಆಚೆ, ಬಡಿಯದೆ ಉಳಿದ ಆ ಎಳೆಯ ಪಕ್ಕ, ಕೂದಲೆಳೆಯಷ್ಟು ಒಂದು ಸಂದು ಇದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಶಾಕಿ ಎದ್ದು ಹೋದಳು. ಓಣಿಯ ಮಗ್ಗಗಳು ಒಂದೊಂದಾಗಿ ಶುರುವಾದವು. ನನ್ನ ಹಣಿಗೆ ಮಾತ್ರ, ಯಾರೂ ಮುಟ್ಟದೆ, ಒಂದೇ ಒಂದು ಸಲ ಮುಂದಕ್ಕೆ ತೂಗಿ, ಬಡಿಯದೆ ನಿಂತಿತು.