ಪಾಯಖಾನೆಯ ಬಾಗಿಲು

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಾಗ ಪಡಸಾಲೆಯಿಂದ ಮತ್ತೆ ಕರೆ ಬಂತು. ಚನ್ನವೀರಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದಳು.

ಗಂಡ ವಿರೂಪಾಕ್ಷಪ್ಪನಿಗೆ ಸಿರುಗುಪ್ಪ ರಸ್ತೆಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು. ಸ್ವಾತಂತ್ರ್ಯ ಬಂದ ಮೂರನೆಯ ವರ್ಷ ಅದು. ಅಲ್ಲಿ ದುಡಿಯುವ ಹೆಂಗಸರಿಗೆ ಬೇರೆ ಪಾಯಖಾನೆ ಕಟ್ಟಿಸಲೇಬೇಕೆಂದು ಹೊಸ ಕಾಯ್ದೆ ಬಂದಿತ್ತು. ಮರುದಿನ ಬೆಳಿಗ್ಗೆ ಗೋಡೆ ಕಟ್ಟುವ ಗೌಂಡಿ ಬರುವವನಿದ್ದ. ಒಂದೇ ಸಾಲಿನಲ್ಲಿ ನಾಲ್ಕು ಖಾನೆ, ಒಂದೊಂದೂ ಮೂರಡಿ ಅಗಲ, ನಡುವೆ ಆಳೆತ್ತರದ ಅಡ್ಡಗೋಡೆ. ಹೀಗೆಂದು ಹಾಳೆಯ ಮೇಲೆ ಬರೆದುಕೊಟ್ಟವಳು ಮೈದುನನ ಹೆಂಡತಿ ವೀರಭದ್ರಮ್ಮ. ಹೈಸ್ಕೂಲು ಓದಿದವಳು.

ತಮ್ಮನ ಹೆಂಡತಿ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹಾಗಾಗಿ ಆತ ಕೇಳಿದ್ದನ್ನು ಅಡುಗೆಮನೆಗೂ, ಅವಳು ಹೇಳಿದ್ದನ್ನು ಪಡಸಾಲೆಗೂ ಹೊರುವ ಕೆಲಸ ಚನ್ನವೀರಮ್ಮನದು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ, ಸಾರಿಗೆ ಉಪ್ಪು ಹೆಚ್ಚಾಯಿತೆನ್ನುವುದು ಬಿಟ್ಟರೆ ಗಂಡ ಇವಳ ಹತ್ತಿರ ಏನನ್ನೂ ಚರ್ಚಿಸಿದವನಲ್ಲ. ಈಗ ಆ ಹಾಳೆಯನ್ನು ಬೆಳಕಿಗೆ ಹಿಡಿದು, "ಎಂಥಾ ತಲಿ ಐತಿ ನೋಡು ಈ ಹುಡುಗಿದು" ಎಂದ. ಆ ಮಾತನ್ನು ಅವಳು ಒಳಗೆ ಒಯ್ಯಲಿಲ್ಲ.

"ಬಾಗಲಾ ಒಳಗ ತೆಗೀಬೇಕೋ, ಹೊರಗೋ? ಕೇಳ್ಕೊಂಡು ಬಾ."

ವೀರಭದ್ರಮ್ಮ ಉಳ್ಳಾಗಡ್ಡಿ ಹೆಚ್ಚುತ್ತಲೇ ಹೇಳಿದಳು: "ಹೊರಗ ತೆಗೀಲಿ ಅಕ್ಕ. ಒಳಗಾದ್ರ ಚಂಬು ಹಿಡಕೊಂಡು ತಿರುಗಾಕ ಜಾಗ ಸಾಲಂಗಿಲ್ಲ."

ಇಷ್ಟು ತನಗೇ ಹೊಳೆಯಬಹುದಿತ್ತಲ್ಲ ಎಂದು ಚನ್ನವೀರಮ್ಮನ ಎದೆ ಉರಿಯಿತು. ಪಡಸಾಲೆಗೆ ಹತ್ತು ಹೆಜ್ಜೆ. ಹತ್ತನೆಯದಕ್ಕೆ ಬಾಯಿಂದ "ಒಳಗಂತ" ಎಂದು ಬಂದುಬಿಟ್ಟಿತು. ಗಂಡ ಪೆನ್ಸಿಲಿನಿಂದ ಗುರುತು ಹಾಕಿದ. ಮುಂದೆ ಹೆಂಗಸರೆಲ್ಲ ಬೈಯುವುದನ್ನು, ಓದಿದವಳ ತಲೆ ಇಷ್ಟೇ ಎಂದು ಆತ ನಗುವುದನ್ನು ನೆನೆಯುತ್ತ ಕೂತರೆ, ಉಳಿದ ರೊಟ್ಟಿಗಳು ತಮ್ಮಷ್ಟಕ್ಕೆ ದುಂಡಗೆ ಬಂದವು.

ಸಂಜೆ ಜಿನ್ನಿನ ಕೆಲಸದ ಎರ್ರಮ್ಮ ಮಜ್ಜಿಗೆಗೆಂದು ಹಿತ್ತಲಿಗೆ ಬಂದಳು. ಜೊತೆಗೆ ಏಳು ತಿಂಗಳ ಬಸುರಿ ಸೊಸೆ, ಅವಳೂ ಜಿನ್ನಿನಲ್ಲೇ ದುಡಿಯುವವಳು. ಜಿನ್ನಿನ ಹೆಂಗಸರು ಬೆಳಗಿನಿಂದ ಯಾರೂ ನೀರು ಕುಡಿಯುವುದಿಲ್ಲವೆಂದಳು ಎರ್ರಮ್ಮ. ತಡೆಯಲಾರದಾಗ ಇಬ್ಬಿಬ್ಬರು ಹತ್ತಿ ತುಂಬಿದ ಅಂಡಿಗೆ ಚೀಲಗಳ ಹಿಂದೆ ಹೋಗುತ್ತಾರಂತೆ, ಒಬ್ಬಳು ಸೆರಗು ಹರವಿ ಮರೆ ಹಿಡಿಯುತ್ತಾಳಂತೆ.

"ಬಾಗಲಾ ಹಾಕಸ್ತಾರಂತಲ್ರಿ ಅಮ್ಮಾರ? ಹಂಗಾದ್ರ ಈಕಿ ತಂಬಿಗಿ ನೀರಾರ ಕುಡೀತಾಳ. ಆದ್ರ ನೋಡ್ರಿ, ಮೊದ್ಲು ಹೊಟ್ಟಿ ಒಳಗ ಹೋಗ್ತೈತಿ, ಆಮ್ಯಾಲ ಈಕಿ."

ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಚನ್ನವೀರಮ್ಮ ಆ ಹೊಟ್ಟೆಯನ್ನೇ ನೋಡಿದಳು. ಮೂರಡಿ ಗೋಡೆಗಳ ನಡುವೆ ಅದನ್ನು ನಿಲ್ಲಿಸಿ, ಒಳಗೆ ತೆರೆದುಕೊಂಡ ಬಾಗಿಲನ್ನು ಹೊಟ್ಟೆ ದಾಟಿಸಿ ಮುಚ್ಚಲು ಮನಸ್ಸಿನಲ್ಲೇ ಪ್ರಯತ್ನಿಸಿದಳು. ಮುಚ್ಚಲಿಲ್ಲ.

ಗೌಂಡಿ ಬರುವ ಮೊದಲೇ ಗಂಡನಿಗೆ ಹೇಳಬೇಕು, ಬಾಗಿಲು ಹೊರಗೇ ತೆಗೆಯಲಿ ಎಂದು. ಆದರೆ ಅದು ವೀರಭದ್ರಮ್ಮನ ಮಾತೆಂದು ಹೇಳುವುದಿಲ್ಲ. ಆಕೆಗೆ ತಿಳಿಯಲಿಲ್ಲ, ನನಗೆ ಹೊಳೆಯಿತು ಎನ್ನುವುದು. ಗಂಡನೂ ಆಕೆಯೂ ಎದುರುಬದುರು ನಿಂತು ಮಾತಾಡುವ ಕಾಲ ಈ ಮನೆಗೆ ಬರುವುದಿಲ್ಲ, ಸುಳ್ಳು ಹೊರಬೀಳುವುದೂ ಇಲ್ಲ.

ಬಾವ ಮತ್ತೇನಾದರೂ ಕೇಳಿದರೇ ಎಂದು ವೀರಭದ್ರಮ್ಮ ಒಳಗಿನಿಂದಲೇ ವಿಚಾರಿಸಿದಳು. ಏನೂ ಇಲ್ಲವೆನ್ನುತ್ತ ಚನ್ನವೀರಮ್ಮ ಬಸುರಿಯ ತಂಬಿಗೆಗೆ ಮಜ್ಜಿಗೆ ಸುರಿದಳು.